ಅಂಗಳದ ತಾಡಪತ್ರಿಯಲ್ಲಿ ನೀರು ನಿಲ್ಲುತ್ತಿದೆ, ರಿಂಗೂ ಕಿತ್ತುಹೋಯ್ತು

ಪ್ರಶ್ನೆ (ಸಿಂಧನೂರಿನಿಂದ):
ಬೈಕ್ ನಿಲ್ಲಿಸೋಕೆ, ನೆರಳಿಗೆ ಅಂತ ಮನೆ ಮುಂದೆ 12×15 ಅಡಿಯ ನೀಲಿ ತಾಡಪತ್ರಿ ಕಟ್ಟಿದ್ದೇನೆ. ಒಂದು ಕಡೆ ಗೋಡೆಯ ಕೊಂಡಿಗೆ, ಇನ್ನೊಂದು ಕಡೆ ಎರಡು ಬಿದಿರಿನ ಗಳಕ್ಕೆ. ನಾಲ್ಕೂ ಮೂಲೆ ಚೆನ್ನಾಗಿ ಬಿಗಿದಿದ್ದೆ. ನಿನ್ನೆ ರಾತ್ರಿ ಗಾಳಿ ಮಳೆ. ಬೆಳಗ್ಗೆ ನೋಡಿದರೆ ನಡುವೆ ಗಬ್ಬದ ಎಮ್ಮೆ ಹೊಟ್ಟೆ ಹಾಗೆ ನೀರು ಜೋತುಬಿದ್ದಿದೆ. ಒಂದು ಮೂಲೆಯ ರಿಂಗ್ ಕಿತ್ತಿದೆ, ಒಂದು ಗಳ ವಾಲಿದೆ. ಅವ್ವ ಕೋಲಿನಿಂದ ಎತ್ತಿದಳು, ನೀರೆಲ್ಲ ನನ್ನ ತಲೆ ಮೇಲೆ. ಇನ್ನೂ ದಪ್ಪದ್ದು ತರಬೇಕಾ?

ಉತ್ತರ (ಗಂಗಾವತಿಯಿಂದ):
ಬೇಡ್ರಿ, ದುಡ್ಡು ಉಳಿಸಿಕೊಳ್ಳಿ. ಗೋಡೆ ಕಡೆ ಎತ್ತರ ಎಷ್ಟು, ಗಳದ ಕಡೆ ಎಷ್ಟು?

ಕೇಳಿದವರು:
ಎರಡೂ ಕಡೆ 7 ಅಡಿ. ನೋಡೋಕೆ ಸಮ ಇರಲಿ ಅಂತ.

ಗಂಗಾವತಿ:
ಅಲ್ಲೇ ಇರೋದು ತೊಂದರೆ. 10 ಮಿ.ಮೀ. ಮಳೆ ಬಿದ್ದರೆ ನಿಮ್ಮ ತಾಡಪತ್ರಿ ಮೇಲೆ ಸುಮಾರು 165 ಲೀಟರ್ ನೀರು. 75 ಕೆಜಿಯ ಎರಡು ಭತ್ತದ ಚೀಲ ಮೇಲಿಟ್ಟ ಹಾಗೆ. ಯಾವ ರಿಂಗ್ ತಡೆಯುತ್ತೆ ಹೇಳಿ? ಎಷ್ಟು ಬಿಗಿದರೂ ಸಮತಟ್ಟಾಗಿದ್ದರೆ ನಡುವೆ ಇಳಿಯುತ್ತೆ. ಗೋಡೆ ಕಡೆ ಎಂಟೂವರೆ ಅಡಿಗೆ ಏರಿಸಿ. ಬೈಕ್ ಒಳಗೆ ಬರೋ ಕಡೆಯ ಗಳ 7 ಅಡಿಯೇ ಇರಲಿ, ಇನ್ನೊಂದನ್ನು ಐದೂವರೆಗೆ ಇಳಿಸಿ. ನೀರೆಲ್ಲ ಆ ಒಂದು ಮೂಲೆಯಿಂದ ಹೋಗುತ್ತೆ.

ಕಿತ್ತ ಮೂಲೆಗೆ ಹೊಸ ರಿಂಗ್ ಬೇಕಿಲ್ಲ. ಅಂಚಿನಿಂದ ಒಂದು ಗೇಣು ಒಳಗೆ, ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಕೆಳಗಿನಿಂದ ಇಟ್ಟು, ತಾಡಪತ್ರಿಯನ್ನು ಅದರ ಸುತ್ತ ಮುದುರಿ, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಎಳೆದಷ್ಟೂ ಗಟ್ಟಿಯಾಗುತ್ತೆ. ಹಗ್ಗದ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು ಸೇರಿಸಿ. ಗಾಳಿ ಜಗ್ಗಿದಾಗ ಅದು ಹಿಗ್ಗುತ್ತೆ, ಬಟ್ಟೆ ಹರಿಯಲ್ಲ.

ಗಳದ ಹಗ್ಗ ಎಲ್ಲಿಗೆ ಕಟ್ಟಿದ್ದೀರಿ?

ಕೇಳಿದವರು:
ಕಬ್ಬಿಣದ ಗೂಟಕ್ಕೆ. ನಮ್ಮದು ಎರೆ ಮಣ್ಣು.

ಗಂಗಾವತಿ:
ಹಂಗಾದ್ರೆ ವಾಲದೇ ಇನ್ನೇನು! ಎರೆ ಮಣ್ಣು ಒಣಗಿದ್ದಾಗ ಕಲ್ಲು, ನೆನೆದರೆ ಬೆಣ್ಣೆ. ಒಂದೂವರೆ ಅಡಿ ತೋಡಿ, ಹಗ್ಗ ಸುತ್ತಿದ ದೊಡ್ಡ ಕಲ್ಲು ಹೂತು, ಚೆನ್ನಾಗಿ ತುಳಿಯಿರಿ. ನಮ್ಮ ಕಡೆ ಉಲ್ಟಾ, ಬರೀ ಬಂಡೆ. ಗೂಟ ಇಳಿಯೋದೇ ಇಲ್ಲ, ಕಲ್ಲಿಗೇ ಕಟ್ಟಿಬಿಡ್ತೀವಿ.

ಇನ್ನೊಬ್ಬರು (ರಾಯಚೂರಿನಿಂದ):
ಒಂದು ಮಾತು ಸೇರಿಸ್ತೀನಿ. ತಾಡಪತ್ರಿಯನ್ನು ಗೋಡೆಗೆ ಅಂಟಿಸಿದ ಹಾಗೆ ಕಟ್ಟಬೇಡಿ, ಅರ್ಧ ಅಡಿ ಸಂದು ಬಿಡಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ಬಿಸಿಗಾಳಿ ಒಳಗೇ ನಿಂತು ಒಲೆ ಮುಂದೆ ಕೂತ ಹಾಗಾಗುತ್ತೆ. ಪ್ಲಾಸ್ಟಿಕ್ ಹಗ್ಗವನ್ನೂ ಆಗಾಗ ಉಜ್ಜಿ ನೋಡಿ. ಬಿಸಿಲಿಗೆ ಪುಡಿ ಉದುರೋಕೆ ಶುರುವಾದರೆ ಬದಲಿಸಿ.

ಕೇಳಿದವರು (ಐದು ದಿನದ ಮೇಲೆ):
ನೀವು ಹೇಳಿದ ಹಾಗೇ ಕಟ್ಟಿದೆ. ನಿನ್ನೆ ಸಂಜೆ ಮತ್ತೆ ಜೋರು ಮಳೆ. ಒಂದು ಚೊಂಬು ನೀರೂ ನಿಲ್ಲಲಿಲ್ಲ, ಕಲ್ಲಿನ ಗಂಟು ಅಲುಗಲಿಲ್ಲ. ಆದರೆ ತಗ್ಗಿನ ಮೂಲೆ ಪಕ್ಕದ ಮನೆಯವರ ಕಟ್ಟೆ ಕಡೆ ಇದೆ, ನೀರೆಲ್ಲ ಅವರು ಕೂರೋ ಜಾಗಕ್ಕೆ ಸುರೀತು. ಬೈಯೋ ಮೊದಲು ನಾಳೆ ಆ ಕಡೆ ಈ ಕಡೆ ಬದಲಿಸಿ ಕಟ್ಟಬೇಕು. ಬೈಕ್ ಇನ್ನೊಂದು ಕಡೆಯಿಂದ ಬರಲಿ.