ಸಹಾಯ ಬೇಕು: ಮೂರು ಮಕ್ಕಳು, ಮುಗಿಯದ ಹೇನಿನ ಕಾಟ

ದೊಡ್ಡವಳಿಗೆ 9, ಎರಡನೆಯವಳಿಗೆ 6, ಚಿಕ್ಕವನಿಗೆ ಒಂದೂವರೆ ವರ್ಷ. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಮನೆಯಲ್ಲಿ ಹೇನೋ ಹೇನು. ಮೂವರೂ ತಲೆಗೆ ತಲೆ ತಾಗಿಸಿಕೊಂಡೇ ಮಲಗುತ್ತಾರೆ, ಬೇಡ ಅಂದ್ರೂ ಕೇಳುವುದಿಲ್ಲ.

ಬೇವಿನೆಣ್ಣೆ ಹಚ್ಚಿದೆ. ದಿನಾ ಸಂಜೆ ಬಿಳಿ ಟವೆಲ್ ಹಾಸಿ ಸೀರಣಿಗೆಯಲ್ಲಿ ಬಾಚಿದೆ. ಕೊನೆಗೆ ಔಷಧಿ ಅಂಗಡಿಯಿಂದ 1% ಪರ್ಮೆಥ್ರಿನ್ ಅನ್ನೋ ಹೇನಿನ ಔಷಧಿ ತಂದು ದೊಡ್ಡವಳಿಗೆ ಮಾತ್ರ ಹಚ್ಚಿ, 10 ನಿಮಿಷ ಬಿಟ್ಟು ತೊಳೆದೆ. ಮಾರನೇ ದಿನ ಟವೆಲ್ ಮೇಲೆ ಒಂದೂ ಬೀಳಲಿಲ್ಲ. ಖುಷಿಯೋ ಖುಷಿ! ಎಂಟನೇ ದಿನ ನೋಡಿದರೆ ಎಳ್ಳಿಗಿಂತ ಸಣ್ಣ ಮರಿಗಳು ಹರಿದಾಡುತ್ತಿವೆ. ಕಿವಿಯ ಹಿಂದೆ ಸೀರು ಹಾಗೇ ಅಂಟಿಕೊಂಡಿದೆ.

ಎಣ್ಣೆಗೆ ಕರ್ಪೂರ ಹಾಕಿ ಹಚ್ಚು ಅನ್ನುತ್ತಾರೆ ಅತ್ತೆ. ಚಿಕ್ಕವನು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ, ಕರ್ಪೂರ ಅಂದ್ರೆ ನನಗೆ ಭಯ. ಸುಮ್ನೆ ಬೋಳಿಸಿಬಿಡು ಎಂದು ಗಂಡನ ಸಲಹೆ. ಅವರಿಗೇನು, ಅಳು ಕೇಳುವವಳು ನಾನು ತಾನೇ!

ನನ್ನ ಗೊಂದಲ ಇದು. ಈ ಮರಿಗಳು ಉಳಿದ ಸೀರು ಒಡೆದು ಬಂದವಾ, ತಂಗಿಯ ತಲೆಯಿಂದ ಹತ್ತಿದವಾ? ಎರಡನೇ ಸಲ ಹಚ್ಚುವಾಗ ನಾನೂ ಸೇರಿ ಎಲ್ಲರಿಗೂ ಒಂದೇ ದಿನ ಹಚ್ಚಬೇಕಾ? ಚಿಕ್ಕವನ ತಲೆಯಲ್ಲಿ ಇನ್ನೂ ಏನೂ ಕಂಡಿಲ್ಲ, ಅವನಿಗೂ ಬೇಕಾ?