48 ವೋಲ್ಟ್‌ಗೆ ಹೋಗುವ ಮೊದಲು ಹಿಂದಿನ ಚಕ್ರ ಬಿಚ್ಚಿ ನೋಡಿ

ಶಿರಸಿಯಿಂದ ಕೇಳಿದ್ದು:
ಹಳೇ 26 ಇಂಚಿನ ಸೈಕಲ್‌ಗೆ ನಾನೇ 36 ವೋಲ್ಟ್, 250 ವ್ಯಾಟ್‌ನ ಗೇರ್ ಹಬ್ ಮೋಟಾರ್ (ಚಕ್ರದ ನಡುವೆಯೇ ಕೂರುವ ಮೋಟಾರ್) ಕೂರಿಸಿದ್ದೇನೆ. ಹಿಂದಿನ ಚಕ್ರಕ್ಕೆ ಕಡ್ಡಿ ಕಟ್ಟಿದ್ದೂ ನಾನೇ. ಒಂದು ವರ್ಷ ಚೆನ್ನಾಗಿ ಓಡಿತು. ಈಗ ಏರಿನಲ್ಲಿ ಶಕ್ತಿ ಸಾಲುತ್ತಿಲ್ಲ, ತಿಂಗಳಿಗೊಂದು ಕಡ್ಡಿಯೂ ಮುರಿಯುತ್ತಿದೆ. 48 ವೋಲ್ಟ್ ಬ್ಯಾಟರಿ ತಗೊಂಡು, ದಪ್ಪ ಕಡ್ಡಿ ಹಾಕಿದರೆ ಸಾಕಲ್ವಾ? ಮಾಡಿ ನೋಡಿದವರು ಹೇಳಿ.

ಮಂಗಳೂರಿನಿಂದ:
ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಚಕ್ರ ಬಿಚ್ಚಿ ಮಾರಾಯ್ರೆ. ಈಗಲೇ ಕಡ್ಡಿ ಮುರಿಯುತ್ತಿರುವ ಚಕ್ರಕ್ಕೆ ಇನ್ನೂ ಜಾಸ್ತಿ ಶಕ್ತಿ ಕೊಟ್ಟರೆ ಅದು ಇನ್ನೂ ಬೇಗ ಕೈಕೊಡುತ್ತದೆ. ನಾನು ಬ್ಯಾಟರಿಯನ್ನೇ ಮೊದಲು ಬದಲಿಸಿದೆ. ಕದ್ರಿ ಏರಿನಲ್ಲಿ, ಸುರಿಯುವ ಮಳೆಯಲ್ಲಿ, ಒಂದೇ ಸಂಜೆ ಎರಡು ಕಡ್ಡಿ ಹೋದವು.

ಮುರಿದ ಕಡ್ಡಿ ಎಸೆಯಬೇಡಿ. ಎಲ್ಲಿ ಮುರಿದಿದೆ ಅಂತ ಬೆಳಕಿಗೆ ಹಿಡಿದು ನೋಡಿ. ನನ್ನವು ಐದಕ್ಕೆ ಐದೂ ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್) ಹತ್ತಿರ, ಥ್ರೆಡ್ ಶುರುವಾಗುವಲ್ಲೇ ತುಂಡಾಗಿದ್ದವು. ಅದೇ ಜಾಗದಲ್ಲಿ ಸಣ್ಣ ಬಾಗು ಕೂಡ ಇತ್ತು. ಮಾಮೂಲಿ ಹಬ್ ಚಿಕ್ಕದು, ಒಂದು ಕಡ್ಡಿ ಮೂರು ಕಡ್ಡಿ ದಾಟಿ ಹೋದರೂ (ಇದೇ ಮೂರು ಕ್ರಾಸ್) ರಿಮ್‌ಗೆ ಹೆಚ್ಚುಕಡಿಮೆ ನೆಟ್ಟಗೆ ಸೇರುತ್ತದೆ. ಮೋಟಾರ್ ಹಬ್ ತಿಂಡಿ ತಟ್ಟೆಯಷ್ಟು ಅಗಲ. ಅದಕ್ಕೂ ಮೂರು ಕ್ರಾಸ್ ಹಾಕಿದರೆ ಕಡ್ಡಿ ಓರೆಯಾಗಿ ಬಂದು ಸೇರುತ್ತದೆ. ನಿಪ್ಪಲ್ ಅಷ್ಟು ವಾಲುವುದಿಲ್ಲ, ಕಡ್ಡಿಯೇ ಬಾಗಬೇಕು. ಚಕ್ರ ಸುತ್ತಿದಷ್ಟೂ ಸಲ ಆ ಬಾಗು ಅಲುಗಾಡುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ನಾನು 36 ಕಡ್ಡಿಯ ಚಕ್ರವನ್ನು ಪೂರ್ತಿ ಬಿಚ್ಚಿ ಒಂದೇ ಕ್ರಾಸ್‌ನಲ್ಲಿ ಕಟ್ಟಿದೆ. ಎರಡು ಮಳೆಗಾಲ ಕಳೆದಿದೆ, ಒಂದೂ ಮುರಿದಿಲ್ಲ.

ಕ್ರಾಸ್ ಕಡಿಮೆಯಾದರೆ ಕಡ್ಡಿಯ ಉದ್ದವೂ ಕಡಿಮೆಯಾಗುತ್ತದೆ, ಹಳೆಯವು ಆಗುವುದಿಲ್ಲ. ಅಂದಾಜಿಗೆ ತರಬೇಡಿ. ಎರಡು ಹಳೇ ಕಡ್ಡಿಗಳನ್ನು ಸರಿಯಾಗಿ 200 ಮಿ.ಮೀ.ಗೆ ಕತ್ತರಿಸಿ, ನಿಪ್ಪಲ್ ಹಾಕಿ, ರಿಮ್‌ನ ಎದುರುಬದುರು ತೂತಿನಲ್ಲಿ ಕೂರಿಸಿ ಎಳೆದು ಹಿಡಿಯಿರಿ. ಎರಡು ಕಡ್ಡಿಗಳ ತುದಿಗಳ ನಡುವಿನ ಅಂತರಕ್ಕೆ 400 ಸೇರಿಸಿದರೆ ಕಡ್ಡಿಯ ಉದ್ದದ ಲೆಕ್ಕಕ್ಕೆ ಬೇಕಾದ ರಿಮ್ ವ್ಯಾಸ ಸಿಗುತ್ತದೆ.

ದಪ್ಪ ಕಡ್ಡಿಯ ಆಸೆ ನನಗೂ ಇತ್ತು. 12 ಗೇಜ್ ಅಂದರೆ 2.6 ಮಿ.ಮೀ. (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ತೆಳು). ಅದನ್ನು ಸರಿಯಾಗಿ ಬಿಗಿಯಲು ಬೇಕಾದಷ್ಟು ಎಳೆತವನ್ನು ಸೈಕಲ್ ರಿಮ್ ತಾಳುವುದಿಲ್ಲ. ಕಡ್ಡಿ ದಪ್ಪ ಇದ್ದೂ ಸಡಿಲ ಉಳಿಯುತ್ತದೆ, ಸಡಿಲ ಕಡ್ಡಿಯೇ ಬೇಗ ಮುರಿಯುವುದು. ನಿಮ್ಮ ಮೋಟಾರ್‌ಗೆ 13 ಗೇಜ್ ಧಾರಾಳ ಸಾಕು, ಒಳ್ಳೆಯ 14 ಆದರೂ ನಡೆಯುತ್ತದೆ. ಉಳಿದ ದುಡ್ಡಲ್ಲಿ ಎರಡು ಪದರದ ಡಬಲ್ ವಾಲ್ ರಿಮ್ ತಗೊಳ್ಳಿ.

ಕಟ್ಟಿ ಮುಗಿದ ಮೇಲೆ ಪಕ್ಕಪಕ್ಕದ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಹಿಂಡಿ. ಟಿಕ್ ಟಿಕ್ ಅಂತ ಸದ್ದು ಬಂದರೆ ಇನ್ನೂ ಕೂರುತ್ತಿವೆ ಅಂತ ಅರ್ಥ. ಮತ್ತೆ ಬೆಂಡ್ ತೆಗೆಯಿರಿ, ಮತ್ತೆ ಹಿಂಡಿ. ಆಮೇಲೆ ಒಂದೊಂದನ್ನೇ ಬೆರಳಲ್ಲಿ ಮೀಟಿ. ಒಂದೇ ಬದಿಯ ಕಡ್ಡಿಗಳೆಲ್ಲ ಹತ್ತಿರ ಹತ್ತಿರ ಒಂದೇ ಸ್ವರ ಕೊಡಬೇಕು. ಡಬ್ ಅನ್ನುವ ಸಡಿಲ ಕಡ್ಡಿ ಸಿಕ್ಕಿದರೆ ಅಲ್ಲೇ ನಿಂತು ಬಿಗಿ ಮಾಡಿ. ನಾನು ಇದಕ್ಕೆ ಒಂದು ಇಡೀ ಭಾನುವಾರ ಕೊಟ್ಟೆ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಲೇಬೇಕು.

ಮೈಸೂರಿನಿಂದ:
ಮೇಲಿನವರು ಟಾರ್ಕ್ ಆರ್ಮ್ (ಆಕ್ಸಲ್ ತಿರುಗದ ಹಾಗೆ ಫ್ರೇಮ್‌ಗೆ ಹಿಡಿದಿಡುವ ಪಟ್ಟಿ) ಬಗ್ಗೆ ಹೇಳಲಿಲ್ಲ. ನನ್ನ ಚಕ್ರ ಗಟ್ಟಿ ಇತ್ತು, ಹೋಗಿದ್ದು ಆಕ್ಸಲ್. ನಟ್ ಸಡಿಲಾಗಿ, ಆಕ್ಸಲ್ ತಾನೇ ತಿರುಗಿ, ಒಳಗಿನಿಂದ ಬರುವ ವೈರ್‌ಗಳನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಬಿಟ್ಟಿತು. ಲೇತ್ ಅಂಗಡಿಯಲ್ಲಿ ದಪ್ಪ ಸ್ಟೀಲ್ ಪಟ್ಟಿಗೆ ಆಕ್ಸಲ್‌ನ ಚಪ್ಪಟೆ ಭಾಗ ಬಿಗಿಯಾಗಿ ಕೂರುವ ಹಾಗೆ ಸೀಳು ಕೊಯ್ಯಿಸಿ. ಅಳತೆಗೆ ಮೋಟಾರನ್ನೇ ಎತ್ತಿಕೊಂಡು ಹೋಗಿ. ಇನ್ನೊಂದು ತುದಿಯನ್ನು ಫ್ರೇಮ್‌ಗೆ ಕ್ಲಾಂಪ್ ಹಾಕಿ. 48 ವೋಲ್ಟ್ ಆಗಲಿ ಬಿಡಲಿ, ಇದು ಬೇಕೇ ಬೇಕು.

ಹುಬ್ಬಳ್ಳಿಯಿಂದ:
ಕಂಟ್ರೋಲರ್ (ಬ್ಯಾಟರಿಯಿಂದ ಮೋಟಾರ್‌ಗೆ ಹೋಗುವ ಕರೆಂಟ್ ನಿಯಂತ್ರಿಸುವ ಡಬ್ಬಿ) ಬಿಚ್ಚಿ ಒಳಗಿನ ದೊಡ್ಡ ಕೆಪಾಸಿಟರ್ ಮೇಲೆ ಏನು ಬರೆದಿದೆ ನೋಡ್ರಿ. 48 ವೋಲ್ಟ್ ಪ್ಯಾಕ್‌ನಲ್ಲಿ 13 ಸೆಲ್ ಸಾಲಾಗಿದ್ದರೆ ಫುಲ್ ಚಾರ್ಜ್ ಆದಾಗ 54.6 ವೋಲ್ಟ್ ಇರುತ್ತದೆ. 63 ವೋಲ್ಟಿನ ಕೆಪಾಸಿಟರ್ ಬೇಕು, 50ರದ್ದು ಇದ್ದರೆ ಕೈಹಾಕಬೇಡಿ. ಚಾರ್ಜರ್ ಕೂಡ ಬೇರೆಯೇ ಬೇಕು. ನಿಮ್ಮದು ಗೇರ್ ಮೋಟಾರ್, ಒಳಗೆ ನೈಲಾನ್ ಹಲ್ಲುಗಳಿರುತ್ತವೆ. ಉದ್ದ ಏರಿನಲ್ಲಿ ಪೆಡಲ್ ತುಳಿಯುತ್ತಾ ಹೋಗಿ, ಮೇಲೆ ಹೋದ ಮೇಲೆ ಹಬ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಕರೆಂಟ್ ಮಿತಿ ಇಳಿಸಿ. ಇನ್ನೊಂದು ಮಾತು. ನಮ್ಮ ಕಾನೂನಿನಲ್ಲಿ 0.25 ಕಿಲೋವ್ಯಾಟ್, ಗಂಟೆಗೆ 25 ಕಿ.ಮೀ. ಒಳಗಿದ್ದರೆ ಮಾತ್ರ ರಿಜಿಸ್ಟ್ರೇಷನ್, ಲೈಸೆನ್ಸ್ ಬೇಡ. ವೋಲ್ಟೇಜ್ ಏರಿಸಿದರೆ ವೇಗ ಮೂರನೇ ಒಂದು ಪಾಲು ಏರುತ್ತದೆ, ಈ ಮಿತಿ ಸುಲಭವಾಗಿ ದಾಟುತ್ತದೆ. ಬ್ರೇಕ್ ಕೂಡ ಅದಕ್ಕೆ ತಕ್ಕ ಹಾಗೆ ಇರಬೇಕಲ್ವಾ?

ಶಿರಸಿಯಿಂದ ಮತ್ತೆ:
ಈಗ ತಾನೇ ಟಾರ್ಚ್ ಹಿಡಿದು ಎಣಿಸಿದೆ. ಮೂರು ಕ್ರಾಸ್. ಮುರಿದ ಕಡ್ಡಿಗಳಲ್ಲಿ ಎರಡು ಸಾಮಾನಿನ ಡಬ್ಬಿಯಲ್ಲೇ ಇದ್ದವು, ಎರಡೂ ನಿಪ್ಪಲ್ ಹತ್ತಿರವೇ ಹೋಗಿವೆ. ಬ್ಯಾಟರಿ ಸದ್ಯ ಬೇಡ. 200 ಮಿ.ಮೀ. ಅಳತೆ ಮಾಡಿ ಇಲ್ಲೇ ಬರೆಯುತ್ತೇನೆ, ಕಡ್ಡಿಯ ಉದ್ದದ ಲೆಕ್ಕ ಸರಿ ಇದೆಯಾ ಅಂತ ಒಮ್ಮೆ ನೋಡಿಕೊಡಿ.