‘ಮಟ್ಟ’ವೋ ‘ಮಟ್ಟಸ’ವೋ: ಹುಲ್ಲುಹಾಸಿನ ನೆಲಕ್ಕೆ ಸಂಬಂಧಿಸಿದ ಕೆಲವು ಪದಗಳು

ಮನೆಯಂಗಳದಲ್ಲಿ ಹೊಸದಾಗಿ ಹುಲ್ಲುಹಾಸು ಮಾಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹುಲ್ಲು ಹಾಸುವ ಮುನ್ನ ನೆಲವನ್ನು ಅಣಿಗೊಳಿಸುವ ಭಾಗದಲ್ಲಿ, ಈಗ ಎಲ್ಲರ ಬಾಯಲ್ಲೂ ಇರುವ ‘ಲೆವೆಲ್ ಮಾಡುವುದು’ ಎಂಬುದಕ್ಕೆ ‘ಮಟ್ಟ ಮಾಡುವುದು’ ಎಂದು ಬರೆದು ಮುಂದೆ ಹೋಗಿದ್ದೆ. ಕರಡನ್ನು ಓದಿದ ಗಾರೆ ಕೆಲಸದ ಹಿರಿಯರೊಬ್ಬರು ಅದನ್ನು ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಮಟ್ಟವೆಂದರೆ ರಸಮಟ್ಟವನ್ನು (ನೀರಿನ ಗುಳ್ಳೆಯಿರುವ ‘ಸ್ಪಿರಿಟ್ ಲೆವೆಲ್’ ಪಟ್ಟಿ) ಇಟ್ಟಾಗ ಅದರ ಗುಳ್ಳೆ ನಡುವಿನ ಎರಡು ಗೆರೆಗಳ ಒಳಗೆ ನಿಲ್ಲಬೇಕು; ಅಂಗಳವನ್ನು ಹಾಗೆ ಮಾಡಿಬಿಟ್ಟರೆ ಮಳೆಯ ನೀರು ಹೋಗಲು ದಾರಿಯಿಲ್ಲದೆ ನಿಂತು ಹುಲ್ಲಿನ ಬೇರು ಕೊಳೆಯುತ್ತದೆ. ಹುಲ್ಲುಹಾಸಿಗೆ ಬೇಕಾದದ್ದು ಗೋಡೆಯಿಂದ ಆಚೆಗೆ ನೂರು ಅಡಿಗೆ ಒಂದಡಿಯಷ್ಟಾದರೂ ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಇರುವ, ಆದರೆ ನಡುವೆ ಎಲ್ಲಿಯೂ ಉಬ್ಬುತಗ್ಗುಗಳಿಲ್ಲದ ನೆಲ.

‘ವಾಟ’ ಬಚ್ಚಲು ಮತ್ತು ತಾರಸಿಗಳ ಮಾತಿನಲ್ಲಿ ಬಳಕೆಯಲ್ಲಿರುವ ಪದವಾದ್ದರಿಂದ ಅದನ್ನು ತೋಟಕ್ಕೂ ತರಲು ಅಡ್ಡಿಯಿಲ್ಲ. ತೊಡಕಿರುವುದು ‘ಓರೆಯಾಗಿದ್ದೂ ಉಬ್ಬುತಗ್ಗಿಲ್ಲದ’ ಎಂಬ ಗುಣವನ್ನು ಹೇಳುವಲ್ಲಿ. ‘ಸಮತಟ್ಟು’ ಎಂದರೆ ಓರೆಯೇ ಇಲ್ಲವೆಂಬ ಅರ್ಥ ಮೊದಲು ಹೊಳೆಯುತ್ತದೆ. ‘ನುಣುಪು’ ಎಂದರೆ ಮೇಲ್ಮೈಯ ನಯವಷ್ಟೇ ಆಗುತ್ತದೆ. ನಿಜದಲ್ಲಿ ಹುಲ್ಲಿನ ಬೇರು ಹಿಡಿಯಲು ಮೇಲ್ಮಣ್ಣು ತುಸು ತರಿಯಾಗಿಯೇ ಇರಬೇಕು. ನನಗೆ ‘ಮಟ್ಟಸ’ ಒಗ್ಗುತ್ತದೆ ಎನಿಸಿದೆ. ಆದರೆ ಸಾಧಾರಣ ಎತ್ತರದವರನ್ನೂ ಮಟ್ಟಸವಾದ ಆಳು ಎನ್ನುವುದುಂಟು. ‘ನೆಲವನ್ನು ಮಟ್ಟಸ ಮಾಡಿ, ವಾಟ ಕೊಡಿ’ ಎಂದು ಬರೆದರೆ ಓದುಗರು ತಪ್ಪು ತಿಳಿಯಲಾರರೆಂದು ನಂಬಿದ್ದೇನೆ. ಕರಡಿನ ಒಂದು ಕಡೆ ಕೈತಪ್ಪಿ ‘ನೆಲವನ್ನು ಮಟ್ಟ ಹಾಕಿ’ ಎಂದು ಬರೆದಿದ್ದೆ. ಅದು ನೆಲದ ಮೇಲೆ ಹಗೆ ಸಾಧಿಸಿದಂತಿತ್ತು.

ಎರಡನೆಯದು ಮಣ್ಣನ್ನು ಗಟ್ಟಿ ಮಾಡುವ ಕೆಲಸದ ಹೆಸರು. ಒಂದು ಗೇಣು ಆಳಕ್ಕೆ ಅಗೆದು, ಕಲ್ಲು ಮತ್ತು ಕೊನ್ನಾರಿ ಕಳೆಯ ಗಡ್ಡೆಗಳನ್ನು ಆರಿಸಿ, ಹೆಂಟೆಗಳನ್ನು ಒಡೆದು, ಗೊಬ್ಬರ ಬೆರೆಸಿದ ಮಣ್ಣು ಸಡಿಲವಾಗಿ ಉಬ್ಬಿರುತ್ತದೆ. ಅದರ ಮೇಲೆ ಹಾಗೆಯೇ ಹುಲ್ಲು ಹಾಸಿದರೆ ನಾಲ್ಕು ಸಲ ನೀರು ಬಿದ್ದೊಡನೆ ಅಲ್ಲಲ್ಲಿ ಕುಸಿದು ಗುಂಡಿಗಳಾಗುತ್ತವೆ. ಆದ್ದರಿಂದ ಹಿಮ್ಮಡಿಯ ಮೇಲೆ ಭಾರ ಬಿಟ್ಟು ಸಾಲುಸಾಲಾಗಿ ತುಳಿದು, ತಗ್ಗಿದ ಕಡೆ ಮಣ್ಣು ತುಂಬಿ, ಮತ್ತೆ ರೇಕ್ ಎಳೆಯಬೇಕು. ಇದಕ್ಕೆ ‘ದಿಮ್ಮಸು ಹೊಡೆಯುವುದು’ (ಭಾರದ ಕೊರಡಿನಿಂದ ಮಣ್ಣನ್ನು ಬಡಿದು ಬಿಗಿಮಾಡುವುದು) ಎಂದರೆ ಮಿತಿಮೀರುತ್ತದೆ. ಅಡಿಪಾಯದಂತೆ ಬಿಗಿದ ಮಣ್ಣಿನಲ್ಲಿ ಬೇರಾಗಲಿ ನೀರಾಗಲಿ ಇಳಿಯುವುದಿಲ್ಲ. ‘ಮೆಟ್ಟಿ ಕೂರಿಸುವುದು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಈ ಕೆಲಸ ಯಾವಾಗ ಎಂಬುದಕ್ಕೆ ‘ಹದ’ ಸಾಕು: ಹಿಡಿ ಮಣ್ಣನ್ನು ಹಿಸುಕಿದಾಗ ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದಾಗ ಒಡೆಯಬೇಕು. ಬಿತ್ತನೆಗೆ ತಕ್ಕ ತೇವವನ್ನು ಹೇಳುವ ‘ಬೆದೆ’ ಇನ್ನೂ ಖಚಿತವಾದ ಪದವಾದರೂ ಊರುಗಳ ಓದುಗರಿಗೆ ಮೊದಲು ದನದ ಬೆದೆಯೇ ನೆನಪಾದೀತೆಂದು ಬಿಟ್ಟೆ.

ಇನ್ನು ನರ್ಸರಿಗಳಲ್ಲಿ ಮಣ್ಣಿನ ಸಮೇತ ಚೌಕವಾಗಿ ಕತ್ತರಿಸಿ ಮಾರುವ ಹುಲ್ಲಿನ ಹೆಸರು. ‘ಹುಲ್ಲುಹಾಸು’ ಎಂದರೆ ಹಾಸಿ ಮುಗಿದ ನೆಲ; ಹಾಸುವ ಸರಕಿಗೂ ಅದೇ ಪದವನ್ನು ಬಳಸಿದರೆ ‘ಹುಲ್ಲುಹಾಸನ್ನು ಹಾಸಿ ಹುಲ್ಲುಹಾಸು ಮಾಡಿ’ ಎಂಬಂಥ ವಾಕ್ಯಗಳು ಬರುತ್ತವೆ. ಹಾಸುವ ಕಲ್ಲು ಹಾಸುಗಲ್ಲಾಗಿರುವಂತೆ, ಹಾಸುವ ಹುಲ್ಲನ್ನು ‘ಹಾಸುಹುಲ್ಲು’ ಎನ್ನಬಹುದೆಂದು ನನ್ನ ಸೂಚನೆ. ‘ಹಾಸುಗಲ್ಲು’ ನೆಲಕ್ಕೆ ಹಾಸಿದ ಮೇಲೂ ಹಾಸುಗಲ್ಲೇ ಆಗಿ ಉಳಿಯುತ್ತದೆ ಎಂಬ ಆಕ್ಷೇಪ ಬರಬಹುದು. ಆದರೆ ಬೇರು ಹಿಡಿದ ಹುಲ್ಲನ್ನು ಮತ್ತೆ ತುಂಡುತುಂಡಾಗಿ ಯಾರೂ ಎಣಿಸುವುದಿಲ್ಲವಾದ್ದರಿಂದ ಆ ತೊಂದರೆ ಇಲ್ಲಿ ಬಾರದು.

‘ಮಟ್ಟಸ’ವನ್ನು ಓರೆ ನೆಲಕ್ಕೂ ಬಳಸುವುದನ್ನು ನಿಮ್ಮ ಕಡೆ ಕೇಳಿದ್ದೀರಾ? ಗದ್ದೆಯಲ್ಲಿ ಕೊರಡು ಅಥವಾ ಹಲಗೆ ಎಳೆದು ಮಣ್ಣನ್ನು ಸರಿಮಾಡುವವರು ಇಂಥ ನೆಲಕ್ಕೆ ಬೇರೆ ಹೆಸರು ಇಟ್ಟಿದ್ದರೆ, ಆ ಪದವನ್ನು ಊರಿನ ಹೆಸರಿನೊಡನೆ ತಿಳಿಸಬೇಕಾಗಿ ಕೋರುತ್ತೇನೆ.